ಪಿತ್ತ, ಉಗಿ, ಕಪ್ಪು ನಾಯಿ



ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ತಂಗಿಯ ಮಗಳು ಮೊನ್ನೆ ಇಂಗ್ಲಿಷ್ ನುಡಿಗಟ್ಟುಗಳನ್ನು ಉರು ಹೊಡೆಯುತ್ತಿದ್ದಳು. 'ಫೀಲಿಂಗ್ ಬ್ಲೂ' ಅಂದರೆ ಬೇಸರ, 'ಸೀಯಿಂಗ್ ರೆಡ್' ಅಂದರೆ ಸಿಟ್ಟು, 'ವೆಂಟಿಂಗ್ ಸ್ಪ್ಲೀನ್' ಅಂದರೆ ಸಿಟ್ಟು ಕಾರಿಕೊಳ್ಳುವುದು. ಇದ್ದಕ್ಕಿದ್ದಂತೆ ಪುಸ್ತಕ ಮಡಚಿ ಕೇಳಿದಳು: "ದೊಡ್ಡಮ್ಮ, ಸ್ಪ್ಲೀನ್ ಅಂದರೆ ಗುಲ್ಮ ಅಲ್ವಾ? ಗುಲ್ಮಕ್ಕೂ ಸಿಟ್ಟಿಗೂ ಏನು ಸಂಬಂಧ?"

ಸಂಬಂಧ ಇದೆ. ಅದನ್ನು ತಿಳಿಯಲು ಕನ್ನಡದ ದಾರಿಯೇ ಹತ್ತಿರ. 'ಅವನಿಗೆ ಪಿತ್ತ ನೆತ್ತಿಗೇರಿದೆ' ಎನ್ನುತ್ತೇವಲ್ಲ, ಆ ಮಾತಿನ ಹಿಂದೆ ಆಯುರ್ವೇದವಿದೆ. ವಾತ, ಪಿತ್ತ, ಕಫ ಏರುಪೇರಾದರೆ ಮೈಯ ಜೊತೆ ಮನಸ್ಸೂ ಕೆಡುತ್ತದೆ ಎಂಬ ತಿಳಿವಳಿಕೆ. ಯೂರೋಪಿನಲ್ಲೂ ಗ್ರೀಕ್ ವೈದ್ಯರಿಂದ ಮೊದಲಾಗಿ ಸುಮಾರು 2000 ವರ್ಷ ಇಂಥದೇ ವೈದ್ಯ ನಡೆಯಿತು. ಅಲ್ಲಿ ನಾಲ್ಕು ರಸಗಳು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ರಕ್ತ ಹೆಚ್ಚಿದ್ದವನು ಲವಲವಿಕೆಯವನು, ಹಳದಿ ಪಿತ್ತದವನು ಮುಂಗೋಪಿ. ಕಪ್ಪು ಪಿತ್ತ ತುಂಬಿದವನಿಗೆ ಕಾರಣವೇ ಇಲ್ಲದ ದುಃಖ. ಗ್ರೀಕಿನಲ್ಲಿ ಮೆಲಾಸ್ ಅಂದರೆ ಕಪ್ಪು, ಖೋಲೆ ಅಂದರೆ ಪಿತ್ತ. ಎರಡೂ ಕೂಡಿ 'ಮೆಲಂಕಲಿ'. ಈ ಕಪ್ಪು ಪಿತ್ತದ ಮನೆಯೇ ಗುಲ್ಮ. ಒಳಗೆ ಕಟ್ಟಿಕೊಂಡ ಆ ಕಹಿಯನ್ನೆಲ್ಲ ಹೊರಗೆ ಸುರಿಯುವುದೇ ನಮ್ಮ ಹುಡುಗಿಯ ಪಟ್ಟಿಯಲ್ಲಿದ್ದ ಮಾತು.

ಆ ರಸಗಳಿಗೆ ಇಂಗ್ಲಿಷಿನಲ್ಲಿ ಇದ್ದ ಹೆಸರು 'ಹ್ಯೂಮರ್'. ಬೆನ್ ಜಾನ್ಸನ್ 1598ರಲ್ಲಿ 'ಎವೆರಿ ಮ್ಯಾನ್ ಇನ್ ಹಿಸ್ ಹ್ಯೂಮರ್' ಎಂಬ ನಾಟಕ ಬರೆದಾಗ ಆ ಪದಕ್ಕೆ ಹಾಸ್ಯ ಎಂಬ ಅರ್ಥ ಇನ್ನೂ ಬಂದಿರಲಿಲ್ಲ, ಅವರವರ ಸ್ವಭಾವ ಎಂದೇ ಅರ್ಥ. ಆ ನಾಟಕದಲ್ಲಿ ಷೇಕ್ಸ್‌ಪಿಯರ್ ಕೂಡ ಪಾತ್ರ ಮಾಡಿದ್ದ. ನಮ್ಮಲ್ಲೂ ನೋಡಿ, ಹಣ್ಣು ಹಿಂಡಿದರೆ ಬರುವ ರಸವೇ ನವರಸವೂ ಆಯಿತು.

ಮುಂದೆ ಉಗಿಯಂತ್ರ ಬಂತು. ಬಾಯ್ಲರಿನಲ್ಲಿ ಒತ್ತಡ ಮಿತಿ ಮೀರಿದರೆ ಸಿಡಿದು ಪ್ರಾಣಹಾನಿ. ಹೆಚ್ಚಾದ ಉಗಿಯನ್ನು ಹೊರಗೆ ಬಿಡಲೇಬೇಕು. 'ಲೆಟಿಂಗ್ ಆಫ್ ಸ್ಟೀಮ್' ಹುಟ್ಟಿದ್ದು ಅಲ್ಲಿಂದ. ಕುಕ್ಕರಿನ ಸೀಟಿ ಕೇಳುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮನಸ್ಸಿಗೆ ತುಂಬ ನಾಟಿದ್ದು ಮಾತ್ರ ಬೇರೊಂದು ನುಡಿಗಟ್ಟು, 'ಬ್ಲ್ಯಾಕ್ ಡಾಗ್'. ಕಪ್ಪು ನಾಯಿ. 1755ರಲ್ಲಿ ಇಂಗ್ಲಿಷಿನ ದೊಡ್ಡ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಮೆಲಂಕಲಿ ಎಂಬ ಪದದ ಮುಂದೆ, ಕಪ್ಪು ಪಿತ್ತ ಹೆಚ್ಚಾಗಿ ಬರುವುದೆಂದು ಜನ ಎಣಿಸುವ ರೋಗ ಎಂಬ ಅರ್ಥ ಕೊಟ್ಟಿದ್ದಾನೆ. ನಿಘಂಟಿಗೆ ಅಷ್ಟು ಸಾಕು. ಆದರೆ ಆ ರೋಗ ಅವನನ್ನೇ ಬಾಳಿನುದ್ದಕ್ಕೂ ಕಾಡಿತ್ತು. ಮುಪ್ಪಿನಲ್ಲಿ ಗೆಳತಿ ಹೆಸ್ಟರ್ ಥ್ರೇಲ್‌ಗೆ ಬರೆದ ಪತ್ರದಲ್ಲಿ ಅವನು ಪಿತ್ತದ ಮಾತೆತ್ತುವುದಿಲ್ಲ. ಬೆಳಗ್ಗೆ ಎದ್ದು ಒಬ್ಬನೇ ತಿಂಡಿಗೆ ಕೂರುತ್ತಾನೆ. ತಿಂಡಿಯಲ್ಲಿ ಪಾಲು ಕೇಳಲು ಆ ಕಪ್ಪು ನಾಯಿ ಕಾದಿರುತ್ತದೆ. ಅಲ್ಲಿಂದ ಊಟದ ಹೊತ್ತಿನವರೆಗೂ ಬೊಗಳುತ್ತಲೇ ಇರುತ್ತದೆ. ಸಾವಿರಾರು ಪದಗಳಿಗೆ ಅರ್ಥ ಬರೆದ ಮನುಷ್ಯನಿಗೆ ತನ್ನ ಸಂಕಟ ಹೇಳಿಕೊಳ್ಳಲು ಒದಗಿದ್ದು ಮೇಜಿನ ಪಕ್ಕ ಕೂತ ಒಂದು ನಾಯಿ. ದುಃಖ ತನ್ನೊಳಗಿನ ಕೊಳಕಲ್ಲ, ಹೊರಗಿನಿಂದ ಬಂದು ಬೆನ್ನು ಹತ್ತಿದ ಪ್ರಾಣಿ ಎಂದು ನೋಡುವುದರಲ್ಲಿ ಒಂದು ಕರುಣೆಯಿದೆ ಎಂದು ನನಗನಿಸುತ್ತದೆ. ಪ್ರಾಣಿ ಎಂದ ಮೇಲೆ ಎದ್ದು ಹೋಗಲೂಬಹುದು.

1911ರಲ್ಲಿ ವಿನ್‌ಸ್ಟನ್ ಚರ್ಚಿಲ್ ಬ್ರಿಟನ್ನಿನ ಗೃಹಮಂತ್ರಿ. ಆಗ ಆತ ಹೆಂಡತಿ ಕ್ಲೆಮೆಂಟೈನ್‌ಗೆ ಬರೆದ ಒಂದು ಕಾಗದದಲ್ಲಿ ಜರ್ಮನಿಯ ವೈದ್ಯನೊಬ್ಬನ ವಿಷಯ ಬರುತ್ತದೆ. ನನ್ನ ಕಪ್ಪು ನಾಯಿ ಮತ್ತೆ ಬಂದರೆ ಆ ವೈದ್ಯ ಉಪಯೋಗಕ್ಕೆ ಬಂದಾನು, ಸದ್ಯಕ್ಕೆ ಅದು ದೂರ ಹೋದಂತಿದೆ ಎಂದು ಬರೆಯುತ್ತಾನೆ. ಯಾವ ನಾಯಿ, ಏನು ಕತೆ ಎಂಬ ವಿವರಣೆ ಆ ಕಾಗದದಲ್ಲಿಲ್ಲ. ಓದುವವಳಿಗೆ ಅದು ಗೊತ್ತಿತ್ತು.