ದುಂಡಗೆ ಬರಿ ಅಂದರೆ ಎಷ್ಟು ದುಂಡಗೆ?



ಮಗುವಿನ ಅಕ್ಷರ ಚೆನ್ನಾಗಿಲ್ಲದಿದ್ದರೆ ನಾವು ‘ಕಾಗೆ ಕಾಲು ಗುಬ್ಬಿ ಕಾಲು’ ಅನ್ನುತ್ತೇವೆ. ಚೆನ್ನಾಗಿದ್ದರೆ ‘ಮುತ್ತು ಪೋಣಿಸಿದ ಹಾಗಿದೆ’ ಅನ್ನುತ್ತೇವೆ. ಇವೆರಡರ ನಡುವೆ ನಮ್ಮ ಹತ್ತಿರ ಬೇರೆ ಅಳತೆಯೇ ಇಲ್ಲ. ಮಗು ಪುಸ್ತಕ ತಂದು ತೋರಿಸುತ್ತದೆ, ಮೇಷ್ಟ್ರು ಕೆಂಪು ಪೆನ್ನಿನಲ್ಲಿ ‘ಅಕ್ಷರ ದುಂಡಾಗಿರಲಿ’ ಎಂದು ಬರೆದು ಸಹಿ ಹಾಕುತ್ತಾರೆ. ಎಷ್ಟು ದುಂಡಗೆ? ಯಾವ ಅಕ್ಷರ? ಎಲ್ಲಿ ಕೆಟ್ಟಿದೆ? ಅದು ಮಗುವಿಗೆ ಗೊತ್ತಾಗುವುದಿಲ್ಲ. ಮರುದಿನ ಅದೇ ಅಕ್ಷರ, ಅದೇ ಕೆಂಪು ಸಾಲು. ತಮಾಷೆ ಎಂದರೆ, ‘ಅಕ್ಷರ ದುಂಡಾಗಿರಲಿ’ ಎಂಬ ಆ ಸಾಲನ್ನೇ ಎಷ್ಟೋ ಸಲ ಓದಲಾಗುವುದಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಬರವಣಿಗೆಗೆ ಒಂದು ಅಳತೆ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದು ಅಂದದ ಅಳತೆಯಾಗಬಾರದು. ಬರೆದವನು ಪಕ್ಕದಲ್ಲಿ ಇಲ್ಲದಿದ್ದಾಗಲೂ ಇನ್ನೊಬ್ಬರು ಓದಬಲ್ಲರೇ, ಅಷ್ಟನ್ನೇ ನೋಡಬೇಕು. ಓದುವವರ ಕಡೆಯಿಂದ ಅಳೆಯಬೇಕು ಅನ್ನುವುದೇ ಇವತ್ತಿನ ನನ್ನ ವಾದ.

ಶಾನುಭೋಗರ ಲೆಕ್ಕದ ಪುಸ್ತಕಗಳನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಕೈ ಎತ್ತದೆ, ಅಕ್ಷರಕ್ಕೆ ಅಕ್ಷರ ಹೆಣೆದು ಸರಸರ ಬರೆದುಕೊಂಡು ಹೋಗುವ ಮೋಡಿ ಬರಹ. ಒಂದು ರೀತಿಯಲ್ಲಿ ಬಹಳ ಚೆಂದ. ಆದರೆ ಅದರಲ್ಲಿ ತನ್ನ ಜಮೀನಿನ ಬಗ್ಗೆ ಏನು ಬರೆದಿದೆ ಎಂದು ರೈತ ತಾನೇ ಓದಿಕೊಳ್ಳುವ ಹಾಗಿರಲಿಲ್ಲ. ಶಾನುಭೋಗರೇ ಓದಿ ಹೇಳಬೇಕಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಆ ಹುದ್ದೆ ಹೋಯಿತು. ಪಾಠ ಮಾತ್ರ ಉಳಿಯಿತು: ಒಬ್ಬರಿಗೆ ಮಾತ್ರ ಓದಲು ಬರುವ ಬರಹ ಆ ಒಬ್ಬರ ಕೈಯಲ್ಲಿ ಅಧಿಕಾರವಾಗಿಬಿಡುತ್ತದೆ. ಶಾಲೆಯ ನೋಟ್‌ಬುಕ್ಕಿನ ಮಾತಿಗೆ ಇದು ಯಾಕೆ ಬಂತು ಎಂದು ಕೇಳಬೇಡಿ. ಸಹಿ ಮಾಡುವ, ಅರ್ಜಿ ಬರೆಯುವ ಕೈ ತಯಾರಾಗುವುದು ಆ ನೋಟ್‌ಬುಕ್ಕಿನಲ್ಲೇ.

ಎಲ್ಲರಿಗೂ ಓದಿಸಲೆಂದೇ ಬರೆದ ಕೈಗಳೂ ಇದ್ದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದಾಗ ಅದು ಅಚ್ಚಿನ ಮೊಳೆಯಲ್ಲಿ ಬರಲಿಲ್ಲ, ಕಲ್ಲಚ್ಚಿನಲ್ಲಿ ಬಂತು. ಅಂದರೆ ಯಾರೋ ಒಬ್ಬರು ಕೈಯಾರೆ ಬರೆದದ್ದೇ ಪತ್ರಿಕೆಯಾಗಿ ಊರೂರಿಗೆ ಹೋಯಿತು. ಚೆನ್ನೈನಲ್ಲಿ 1927ರಲ್ಲಿ ಶುರುವಾದ ಉರ್ದು ದಿನಪತ್ರಿಕೆ ‘ದಿ ಮುಸಲ್ಮಾನ್’ ದಶಕಗಟ್ಟಲೆ ಕಾತಿಬರ, ಅಂದರೆ ಲಿಪಿಕಾರರ, ಕೈಬರಹದಲ್ಲೇ ಬಂದಿದೆ. ಅಮ್ಮಾಜಾನ್ ಬಾವಾಜಾನ್ ದರ್ಗಾದ ಊರಾದ ಮುರುಗಮಲ್ಲದಲ್ಲಿ ನಿಂತು ಉರ್ದು ಬರಹದ ಅಂದವನ್ನು ನಾನು ವರ್ಣಿಸಬೇಕಾಗಿಲ್ಲ. ಆ ಕಾತಿಬರು ಚೆನ್ನಾಗಿ ಬರೆದದ್ದು ಬಹುಮಾನಕ್ಕಲ್ಲ. ಬೆಳಿಗ್ಗೆ ಓದುಗನಿಗೆ ಒಂದು ಪದವೂ ತಡೆಯಬಾರದು ಎಂಬುದಕ್ಕೆ.

ಈಗ ನಮ್ಮ ಮುರುಗಮಲ್ಲದ ತರಗತಿಯನ್ನೇ ನೋಡೋಣ. ಮನೆಯಲ್ಲಿ ತೆಲುಗು, ಇನ್ನು ಕೆಲವರ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮೇಲೆ ಇಂಗ್ಲಿಷ್. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ತೆಲುಗು ಇನ್ನೂ ಸೂಕ್ಷ್ಮ, ಏಕೆಂದರೆ ಅದರ ಲಿಪಿ ನಮ್ಮದಕ್ಕೆ ಒಡಹುಟ್ಟಿದ್ದು. ರ, ಗ, ದ, ನ ಇವುಗಳ ಒಡಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ತಲೆಕಟ್ಟಿನಲ್ಲಿ. ಕನ್ನಡದಲ್ಲಿ ಅದು ಅಡ್ಡ ಮಲಗಿ ತುದಿಯಲ್ಲಿ ಬಾಗುತ್ತದೆ, ತೆಲುಗಿನಲ್ಲಿ ಸರಿ ಗುರುತು ಹಾಕಿದ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಸಿನಿಮಾ ಪೋಸ್ಟರಿನಲ್ಲಿ, ಗಡಿಯಾಚೆಯಿಂದ ಬರುವ ಬಸ್ಸಿನ ಬೋರ್ಡಿನಲ್ಲಿ ದಿನಾ ತೆಲುಗು ಕಾಣುವ ಮಗು ಕನ್ನಡದ ‘ಗ’ಕ್ಕೆ ತೆಲುಗಿನ ತಲೆಕಟ್ಟು ಇಟ್ಟರೆ ಅದೇನು ಅಪರಾಧವೇ? ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದ ತಾಲ್ಲೂಕು ಇದು. ಒಂದನೇ ತರಗತಿಯಲ್ಲಿ ಅದಕ್ಕೆ ಕೆಂಪು ಗೆರೆ ಎಳೆಯಬೇಡಿ. ಓದಲು ಬರುತ್ತಿದೆಯಲ್ಲ! ಮೂರನೇ ತರಗತಿಯ ಹೊತ್ತಿಗೆ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ. ಮಗು ತಿದ್ದಿಕೊಳ್ಳುತ್ತದೆ.

ಆದರೆ ಕೆಲವು ಕಡೆ ಸ್ವಲ್ಪ ಜಾರಿದರೂ ಅರ್ಥವೇ ಕೆಡುತ್ತದೆ. ನಾವು ಕಟ್ಟುನಿಟ್ಟಾಗಿರಬೇಕಾದ್ದು ಅಲ್ಲಿ. ‘ಮ’ ಮತ್ತು ‘ವು’ ನೋಡಿ. ‘ವು’ಗೆ ಕೊಂಬು ಕೆಳಕ್ಕೆ ಇಳಿಯಬೇಕು, ಇಳಿಯದೆ ಪಕ್ಕದಲ್ಲೇ ಮೇಲಕ್ಕೆ ಹೋದರೆ ‘ಹೂವು’ ಬರೆದ ಮಗುವಿನ ಪುಟದಲ್ಲಿ ‘ಹೂಮ’ ಕಾಣುತ್ತದೆ. ‘ವ’ ಮತ್ತು ‘ಪ’ ಹಾಗೆಯೇ. ‘ರ’ದ ಹೊಟ್ಟೆಯಲ್ಲಿ ಚುಕ್ಕೆ ಬಿದ್ದರೆ ‘ಠ’. ‘ದ’, ‘ಧ’, ‘ಥ’ ಮೂರೂ ಒಂದೇ ಮನೆಯವು. ಕೆಳಗಿನ ಸೀಳು, ಒಳಗಿನ ಚುಕ್ಕೆ ನೋಡಿಯೇ ಯಾರು ಯಾರೆಂದು ತಿಳಿಯಬೇಕು. ದೀರ್ಘ ಬಿಟ್ಟರೆ ‘ಬೇಳೆ’ ಹೋಗಿ ‘ಬೆಳೆ’ಯಾಗುತ್ತದೆ. ಅಂಗಡಿಗೆ ಕಳಿಸಿದ ಚೀಟಿಯಲ್ಲಿ ಹಾಗಾದರೆ ಅಂಗಡಿಯವರು ಊಹಿಸಿ ಕೊಟ್ಟಾರು. ಪರೀಕ್ಷೆ ಪೇಪರಿನಲ್ಲಿ ಯಾರೂ ಊಹಿಸುವುದಿಲ್ಲ. ಒತ್ತಕ್ಷರದ್ದಂತೂ ದೊಡ್ಡ ಕಥೆ. ಕನ್ನಡದ ಒತ್ತು ಗೆರೆಯ ಕೆಳಗೆ ನಿಲ್ಲುವಂಥದ್ದು, ಅದಕ್ಕೆ ಜಾಗ ಬೇಕು. ಜಾಗ ಉಳಿಸಬೇಕೆಂದು ಸಾಲುಗಳನ್ನು ಒತ್ತೊತ್ತಾಗಿ ಬರೆಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಅದು ಮಗುವಿನ ತಪ್ಪಲ್ಲ, ಪುಸ್ತಕದ ತಪ್ಪು. ನಾಲ್ಕು ಗೆರೆಯ ಪುಸ್ತಕ ಇಂಗ್ಲಿಷಿಗಾಗಿ ಮಾಡಿದ್ದು, ಅದರಲ್ಲಿ ಕನ್ನಡ ಬರೆಸಬೇಡಿ. ಎರಡು ಗೆರೆಯ ಪುಸ್ತಕದಲ್ಲಿ ಅಕ್ಷರದ ಒಡಲು ಜೋಡಿಗೆರೆಯ ಒಳಗೆ ಕೂತು ಒತ್ತು ಆಚೆ ಖಾಲಿ ಜಾಗಕ್ಕೆ ಇಳಿಯುತ್ತದೆ. ಜೂನ್ ತಿಂಗಳಲ್ಲಿ ನೋಟ್‌ಬುಕ್ ಹಂಚುವ ದಾನಿಗಳು ಇದನ್ನು ಗಮನಿಸಿದರೆ ರಟ್ಟಿನ ಮೇಲೆ ತಮ್ಮ ಫೋಟೋ ಹಾಕಿಸಿಕೊಂಡರೂ ನನ್ನ ತಕರಾರಿಲ್ಲ.

ಲೆಕ್ಕದ ಪುಸ್ತಕದಲ್ಲಿ ನೀಟಾಗಿರುವುದು ಉತ್ತರಕ್ಕೇ ಸಂಬಂಧಿಸಿದ ವಿಷಯ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಕೂರದಿದ್ದರೆ ಕೂಡುವುದೇ ತಪ್ಪಾಗುತ್ತದೆ. ಗಣಿತ ಬರುವುದಿಲ್ಲ ಎಂದು ನಾವು ತಲೆಯ ಮೇಲೆ ಹೊಡೆದ ಎಷ್ಟೋ ಮಕ್ಕಳಿಗೆ ಗಣಿತ ಬರುತ್ತಿತ್ತು, ಅಂಕಿ ಸಾಲಿಗೆ ನಿಲ್ಲುತ್ತಿರಲಿಲ್ಲ. ಚೌಕದ ಗೆರೆಯ ಪುಸ್ತಕ ಕೊಟ್ಟರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಕೈ ಹೇಗೆ ಕಲಿಯುತ್ತದೆ ಎಂಬುದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಕೂಲಿಮಠದ ಐಗಳು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಅವರ ಛಡಿ ಏಟನ್ನು ನಾನು ಹೊಗಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಅದನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಆದರೆ ಬೆರಳು ಎಲ್ಲಿ ಶುರುವಾಗಿ ಯಾವ ಕಡೆ ತಿರುಗಿ ಎಲ್ಲಿ ನಿಲ್ಲುತ್ತದೆ ಎಂದು ಅವರು ನೋಡುತ್ತಿದ್ದರು. ಈಗ ನಾವು ನೋಡುವುದು ಬರೆದು ಮುಗಿಸಿದ ಅಕ್ಷರವನ್ನು, ಬರೆಯುವ ಕೈಯನ್ನಲ್ಲ. ನಲಿಕಲಿ ಕಲಿಕಾ ಪದ್ಧತಿ ಈ ವಿಷಯದಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಅದರ ಬೇರು ನಮಗೆ ದೂರದ್ದೂ ಅಲ್ಲ. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರು ಮಾಡಿದ್ದು ಅದು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಗು ಅ, ಆ, ಇ, ಈ ಎಂದು ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಕೈಗೆ ಸುಲಭವಾದ ಆಕಾರ ಮೊದಲು. ಐದು ಅಕ್ಷರ ಬಂದ ಕೂಡಲೇ ಸರ, ಅರಸ, ಅಗಸ ಎಂದು ಪದ ಬರೆಯಬಹುದು. ಜಾಣತನದ ಕ್ರಮ. ಆದರೆ ಒಬ್ಬರೇ ಮೇಡಂ ಮಕ್ಕಳ ನಾಲ್ಕಾರು ಗುಂಪುಗಳನ್ನು ಸಂಭಾಳಿಸುವಾಗ ‘ರ’ವನ್ನು ಮಗು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದೆಯೇ ಎಂದು ನೋಡಲು ಪುರುಸೊತ್ತೆಲ್ಲಿ? ತಪ್ಪು ತಿರುವು ಒಮ್ಮೆ ಕೈಗೆ ಹತ್ತಿದರೆ ಐದನೇ ತರಗತಿಯಲ್ಲಿ ಬಿಡಿಸುವುದು ಕಷ್ಟ.

ಅದಕ್ಕೇ ನಾವು ಕಾಪಿ ಬರೆಸುತ್ತೇವೆ. ಕಾಪಿ ಪುಸ್ತಕವನ್ನು ಒಮ್ಮೆ ಗಮನವಿಟ್ಟು ನೋಡಿ. ಮೇಲೆ ಅಚ್ಚಿನ ಸಾಲು ಇರುತ್ತದೆ. ಮೊದಲ ಸಾಲನ್ನು ಮಗು ಅದನ್ನು ನೋಡಿ ಬರೆಯುತ್ತದೆ. ಎರಡನೆಯದನ್ನು ತನ್ನ ಮೊದಲ ಸಾಲು ನೋಡಿ ಬರೆಯುತ್ತದೆ. ಮೂರನೆಯದಕ್ಕೆ ಎರಡನೆಯದೇ ಗುರು. ಪುಟದ ಕೊನೆಗೆ ಬಂದಾಗ ಅಕ್ಷರ ಮತ್ತೆ ಕಾಗೆ ಕಾಲಿಗೆ ಬಂದಿರುತ್ತದೆ. ಪುಟದ ಕೆಳಗಿನಿಂದ ಮೇಲಕ್ಕೆ ಬರೆಸಿದರೆ ಬರೆದದ್ದು ಕೈಯಡಿ ಮುಚ್ಚಿಹೋಗಿ ಕಣ್ಣು ಅಚ್ಚಿನ ಸಾಲಿನ ಮೇಲೇ ಇರುತ್ತದೆ. ಖರ್ಚಿಲ್ಲದ ಉಪಾಯ, ನಾಳೆಯೇ ಮಾಡಿ ನೋಡಬಹುದು. ಇನ್ನು ‘ತಪ್ಪು ಮಾಡಿದ್ದೀಯ, ಹತ್ತು ಸಲ ಬರಿ’ ಅನ್ನುವ ಇಂಪೊಸಿಷನ್ ಇದೆಯಲ್ಲ, ಬರವಣಿಗೆಗೆ ಅದರಷ್ಟು ಶತ್ರು ಇನ್ನೊಂದಿಲ್ಲ. ಶಿಕ್ಷೆಗಾಗಿ ಬರೆಯುವವರು ಯಾರೂ ದುಂಡಗೆ ಬರೆಯುವುದಿಲ್ಲ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ, ಗೊರೂರರು ಕನ್ನಡಕ್ಕೆ ತಂದದ್ದನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ, ತಮ್ಮ ಕೆಟ್ಟ ಅಕ್ಷರದ ಬಗ್ಗೆ ಬಹಳ ನೊಂದುಕೊಳ್ಳುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ವಕೀಲರ, ಅಲ್ಲಿ ಹುಟ್ಟಿ ಕಲಿತ ಯುವಕರ ಸುಂದರ ಬರಹ ನೋಡಿ ಅವರಿಗೆ ನಾಚಿಕೆಯಾಯಿತಂತೆ. ಅದಕ್ಕಿಂತ ಮುಖ್ಯ ಅವರು ಕೊಡುವ ಸಲಹೆ: ಮಕ್ಕಳಿಗೆ ಮೊದಲು ಚಿತ್ರ ಬಿಡಿಸುವುದನ್ನು ಕಲಿಸಿ, ಅಕ್ಷರ ಆಮೇಲೆ. ಈಗ ಎಲ್‌ಕೆಜಿಯಲ್ಲೇ ಕರ್ಸಿವ್ ಬರೆಸುವ ಶಾಲೆಗಳಿಗೆ ದುಡ್ಡು ಕಟ್ಟಿ ಹೆಮ್ಮೆಪಡುವ ತಂದೆತಾಯಿಯರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಪೆನ್ಸಿಲ್ ಹಿಡಿಯಲು ಬೆರಳಿಗೇ ಇನ್ನೂ ಬಲ ಬಂದಿರುವುದಿಲ್ಲ.

ಹೊರಗಿನ ದೇಶಗಳಲ್ಲೂ ಕೈಬರಹದ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಕೂಡಿಸಿ ಬರೆಯುವುದು ಕಡ್ಡಾಯವಲ್ಲ ಎಂದು ಫಿನ್‌ಲೆಂಡ್ 2016ರಲ್ಲಿ ಬಿಟ್ಟಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ ವಾಪಸ್ ತಂದಿತು. ಇಂಗ್ಲೆಂಡಿನಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳ ಬರವಣಿಗೆ ನೋಡುವಾಗ, ಬೇಗ ಬರೆದರೂ ಓದಲು ಬರಬೇಕು ಅನ್ನುತ್ತಾರೆ. ಬೇಗ ಅನ್ನುವುದನ್ನೂ ಸೇರಿಸಿದ್ದು ನನಗೆ ಸರಿ ಕಂಡಿತು. ಮುತ್ತಿನಂತೆ ಬರೆಯುತ್ತಾ ಅರ್ಧ ಪ್ರಶ್ನೆ ಬಿಟ್ಟುಬರುವ ಮಗುವಿಗೆ ಆ ಮುತ್ತಿನಿಂದ ಏನು ಬಂತು? ನಾರ್ವೆಯ ಟ್ರಾಂಡ್‌ಹೈಮ್‌ನ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಲಿ ಒತ್ತುವುದಕ್ಕಿಂತ ಕೈಯಲ್ಲಿ ಬರೆಯುವಾಗ ಮಿದುಳಿನ ಭಾಗಗಳ ನಡುವೆ ಹೆಚ್ಚು ಸಂಪರ್ಕ ನಡೆಯುವುದು ಕಂಡಿದೆ. ಮೊಬೈಲ್ ಬಂದಮೇಲೆ ಕೈಬರಹ ಯಾಕೆ ಅನ್ನುವವರಿಗೆ ಅಷ್ಟು ಉತ್ತರ ಸಾಕು.

ಮೇಷ್ಟ್ರುಗಳಿಗೆ ಒಂದು ಕಹಿ ಮಾತು. ಒಂದೇ ಉತ್ತರವನ್ನು ಒಳ್ಳೆಯ ಅಕ್ಷರದಲ್ಲೂ ಕೆಟ್ಟ ಅಕ್ಷರದಲ್ಲೂ ಬರೆಸಿ ಕೊಟ್ಟರೆ ಒಳ್ಳೆಯ ಅಕ್ಷರಕ್ಕೇ ಹೆಚ್ಚು ಅಂಕ ಬೀಳುತ್ತದೆ ಎಂಬುದು ಸಂಶೋಧಕರು ಬಹುಕಾಲದಿಂದ ಕಂಡ ಸಂಗತಿ. ನಾವ್ಯಾರೂ ಬೇಕೆಂದು ಹೀಗೆ ಮಾಡುವುದಿಲ್ಲ. ಆದರೂ ಆಗುತ್ತದೆ. ಹಾಗಾಗಿ ವಿಜ್ಞಾನ, ಸಮಾಜದ ಉತ್ತರಕ್ಕೆ ಅಂಕ ಕೊಡುವಾಗ ಅಕ್ಷರಕ್ಕೆ ಕತ್ತರಿ ಹಾಕಬೇಡಿ. ಅಕ್ಷರವನ್ನು ಭಾಷಾ ಪಾಠದಲ್ಲಿ ಬೇರೆಯಾಗಿ ನೋಡಿ, ಅಲ್ಲೂ ಈ ಮಗುವಿನ ಜೂನ್ ಪುಟವನ್ನು ಇದೇ ಮಗುವಿನ ಅಕ್ಟೋಬರ್ ಪುಟದ ಜೊತೆ ಇಟ್ಟು ನೋಡಿ. ಎಡಚ ಮಕ್ಕಳನ್ನು ಬಲಗೈಗೆ ತಿರುಗಿಸಬೇಡಿ. ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವನ ಮೊಣಕೈ ತಗುಲುವುದಿಲ್ಲ. ಎಷ್ಟು ತಿದ್ದಿದರೂ ಅಕ್ಷರ ಕೂಡಿಬರದ ಮಗು ಸೋಮಾರಿ ಎಂದು ತೀರ್ಮಾನಿಸುವ ಮುಂಚೆ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕು ಕಾಯ್ದೆ ಗುರುತಿಸಿದೆ ಎಂಬುದು ನೆನಪಿರಲಿ.

ಇನ್ನು ಅಲಂಕಾರದ ಮಾತು. ಸ್ಕೆಚ್ ಪೆನ್ನಿನ ಬಾರ್ಡರು, ಮಿನುಗು ಕಾಗದ, ಅಂಗಡಿಯಲ್ಲಿ ಸಿಗುವ ಸಿದ್ಧ ಚಾರ್ಟು, ಇವೆಲ್ಲ ಮನೆಯಲ್ಲಿ ಯಾರ ಕೈಯಲ್ಲಿ ದುಡ್ಡಿದೆ, ಯಾರ ಅಕ್ಕ ಕಾಲೇಜಿಗೆ ಹೋಗುತ್ತಾಳೆ ಎಂಬುದನ್ನಷ್ಟೇ ಅಳೆಯುತ್ತವೆ. ಅವಕ್ಕೆ ಅಂಕ ಬೇಡ.

ಹಾಗಾದರೆ ಶಾಲೆ ಯಾವ ಅಳತೆ ಇಟ್ಟುಕೊಳ್ಳಬೇಕು? ಮಗು ತಾನೇ ನೋಡಿ ಹೌದು ಅಥವಾ ಇಲ್ಲ ಎಂದು ಹೇಳಬಲ್ಲ ನಾಲ್ಕೈದು ಮಾತು ಸಾಕು. ಪಕ್ಕದಲ್ಲಿ ಕೂತವರು ಕೇಳದೆ ಓದಿದರೇ? ಪದಕ್ಕೂ ಪದಕ್ಕೂ ನಡುವೆ ಬೆರಳಿನಷ್ಟು ಜಾಗ ಬಿಟ್ಟಿದ್ದೀಯಾ? ಒತ್ತು ತನ್ನ ಅಕ್ಷರದ ಅಡಿಯಲ್ಲೇ ಇದೆಯೇ? ಪ್ರಶ್ನೆ ಸಂಖ್ಯೆ ಅಂಚಿನಲ್ಲಿದೆಯೇ? ತಪ್ಪಾದದ್ದನ್ನು ಒಂದೇ ಗೆರೆ ಎಳೆದು ಹೊಡೆದುಹಾಕಿದ್ದೀಯಾ, ಇಲ್ಲ ರಬ್ಬರಿನಲ್ಲಿ ಉಜ್ಜಿ ಹಾಳೆ ತೂತು ಮಾಡಿದ್ದೀಯಾ? ಇದನ್ನು ಗೋಡೆಗೆ ಅಂಟಿಸಿ. ಅದೇ ಅಳತೆ ಕರಿಹಲಗೆಗೂ ಅನ್ವಯಿಸಲಿ, ಏಕೆಂದರೆ ಮಕ್ಕಳು ದಿನವಿಡೀ ನೋಡಿ ಬರೆಯುವ ಕಾಪಿ ಪುಸ್ತಕ ಅದೇ.

ಎಸ್‌ಡಿಎಂಸಿ ಸದಸ್ಯರು ಕೆಲವರು ಇಲ್ಲಿದ್ದೀರಿ. ಮುಂದಿನ ‘ಸಮುದಾಯದತ್ತ ಶಾಲೆ’ ದಿನ ಅಂಕಪಟ್ಟಿ ಮಾತ್ರ ನೋಡಿ ಎದ್ದುಬರಬೇಡಿ. ನೋಟ್‌ಬುಕ್ ತರಿಸಿ, ಒಂದು ಪುಟ ಗಟ್ಟಿಯಾಗಿ ಓದಿ. ಓದು ಬಾರದ ತಾಯಂದಿರು ಮಗುವಿನ ಗೆಳತಿಯ ಕೈಗೆ ಪುಸ್ತಕ ಕೊಟ್ಟು ಓದಿಸಿ ಕೇಳಿ. ಅವಳು ಎಲ್ಲಿ ತಡೆದು ನಿಲ್ಲುತ್ತಾಳೋ ಆ ಜಾಗವನ್ನು ಮೇಡಂಗೆ ತೋರಿಸಿ, ಅಲ್ಲಿಂದ ತಿದ್ದಲು ಹೇಳಿ.