ಮನೆ ಬಿದ್ದಾಗ ಎಮ್ಮೆ ಮಾರಬೇಡಿ

(ಖಾನಾಪುರ ತಾಲ್ಲೂಕಿನ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಮಳೆಗಾಲದ ರೋಗಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಗಂಟಲುಬೇನೆ, ಚಪ್ಪೆಬೇನೆಗಳ ಲಸಿಕೆಯನ್ನು ಮಳೆ ಹಿಡಿಯುವ ಮೊದಲೇ ಹಾಕಿಸಿರಿ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇಲ್ಲಿ ಇಲ್ಲ. ಈ ದಿನ ದನ ಕಟ್ಟುವ ಮನೆಯ ಬಗ್ಗೆಯೇ ಮಾತನಾಡುತ್ತೇನೆ. ನಿಮ್ಮಲ್ಲಿ ಅನೇಕರದು ಇನ್ನೂ ಮಣ್ಣಿನ ಗೋಡೆ, ಹೆಂಚಿನ ಮಾಡು.

2019ರ ಆಗಸ್ಟ್ ಮೊದಲ ವಾರ ನಿಮಗೆ ಮರೆತಿರಲಾರದು. ಕಣಕುಂಬಿಯ ಕಡೆ ಸುರಿದ ಮಳೆಗೆ ಮಲಪ್ರಭೆ ಉಕ್ಕಿದಳು. ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದವು. ಅವುಗಳಲ್ಲಿ ಒಬ್ಬ ಸದಸ್ಯರ ಮನೆಯೂ ಒಂದು. ಅವರ ಹೆಸರು, ಊರು ಬೇಡ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ, ಎರಡು ಎಮ್ಮೆ. ಹಿಂದಿನ ಗೋಡೆ ಕುಸಿದ ರಾತ್ರಿ ಎಲ್ಲರೂ ಪಡಸಾಲೆಯಲ್ಲಿದ್ದುದರಿಂದ ಜೀವ ಉಳಿಯಿತು. ಶಾಲೆಯ ಪರಿಹಾರ ಕೇಂದ್ರದಲ್ಲಿ ಜನರಿಗೆ ಜಾಗ ಸಿಕ್ಕಿತು, ಎಮ್ಮೆಗಳಿಗೆ ಸಿಗಲಿಲ್ಲ. ಹೊರಗೆ ಗಿಡಕ್ಕೆ ಕಟ್ಟಿದರು. ಎರಡನೆಯ ದಿನವೇ ದಲ್ಲಾಳಿ ಬಂದು ಅರ್ಧ ಬೆಲೆಗೆ ಕೇಳಿದ. ಇಂಥ ಹೊತ್ತಿಗೆ ಇವರಿಗೆ ದಾರಿ ಹೇಗೆ ಗೊತ್ತಾಗುತ್ತದೋ!

ಎಮ್ಮೆ ಮಾರಿ ಎಲ್ಲರೂ ಬೆಳಗಾವಿಗೆ ಹೋಗಿಬಿಡೋಣ ಎಂದು ಗಂಡ ಹೇಳಿದ. ಹೆಂಡತಿ ಒಪ್ಪಲಿಲ್ಲ. ಕೊನೆಗೆ ಆತ ತಾಯಿ ಮತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ವಡಗಾವಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಮಾರುಕಟ್ಟೆಯಲ್ಲಿ ಹಮಾಲಿ ಕೆಲಸಕ್ಕೆ ನಿಂತ. ಆಕೆ ಮೈದುನನ ಹಿತ್ತಲಲ್ಲಿ ನಾಲ್ಕು ತಗಡು ಹೊದಿಸಿ, ಎಮ್ಮೆಗಳ ಜೊತೆಗೆ ತಾನೂ ಅಲ್ಲೇ ಉಳಿದಳು. ಬಿದ್ದ ಗೋಡೆಯ ಕಲ್ಲು ಹಾಸಿ ಎಮ್ಮೆಗಳ ಕಾಲಡಿ ಎತ್ತರ ಮಾಡಿದಳು. ಹಾಲು ಹಿಂಡಿದ ಕೂಡಲೇ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸುತ್ತಿದ್ದಳು. ಮೊಲೆಯ ತೂತು ಮುಚ್ಚುವುದಕ್ಕೆ ಅಷ್ಟು ಹೊತ್ತು ಬೇಕು. ತಕ್ಷಣ ಕೆಸರಿನಲ್ಲಿ ಮಲಗಿದರೆ ಕೆಚ್ಚಲುಬಾವಿನ ಅಪಾಯ ಹೆಚ್ಚು. ಒಂದು ದಿನವೂ ಸಂಘಕ್ಕೆ ಹಾಲು ತಪ್ಪಲಿಲ್ಲ.

ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಹಣ ಒಂದೇ ಗಂಟಿನಲ್ಲಿ ಬರಲಿಲ್ಲ. ಬುನಾದಿ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ, ಪ್ರತಿ ಹಂತದ ಫೋಟೋ ತೆಗೆದ ಮೇಲೆ ಬರುವಂಥದ್ದು. ಇವರಿಗೆ ಮೊದಲ ಕಂತೇ ತಡವಾಯಿತು. ಯಾಕೆಂದರೆ ಮನೆಯ ಉತಾರ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಚಿಕ್ಕಪ್ಪನ ಮಕ್ಕಳು ಬೆಳಗಾವಿಯಲ್ಲಿ, ಅವರ ಒಪ್ಪಿಗೆ ಬೇಕು. ಅಜ್ಜನ ಮರಣ ದಾಖಲೆ ಬೇಕು, ವಂಶಾವಳಿ ಬೇಕು. ಮೂವತ್ತು ವರ್ಷ ಯಾರಿಗೂ ಬೇಡವಾಗಿದ್ದ ಕಾಗದಗಳನ್ನು, ತಲೆಯ ಮೇಲೆ ಸೂರಿಲ್ಲದ ಹೊತ್ತಿನಲ್ಲಿ ಹುಡುಕಬೇಕಾಯಿತು. ಹಮಾಲಿಯ ದಿನಗೂಲಿ ಬಿಟ್ಟು ಆತ ಎಷ್ಟು ಸಲ ಖಾನಾಪುರಕ್ಕೆ ಬಂದನೋ ಲೆಕ್ಕವಿಲ್ಲ.

ಕಾಗದ ಸರಿಹೋಗಿ ಬುನಾದಿ ಎದ್ದಿತು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಹಮಾಲಿ ಕೆಲಸ ನಿಂತಿತು, ಖೋಲಿಯ ಬಾಡಿಗೆ ನಿಲ್ಲಲಿಲ್ಲ. ಊರಿನಲ್ಲಿ ಮತ್ತೆ ಒಂದಾದ ಐದು ಜನರ ಹೊಟ್ಟೆ ತುಂಬಿಸಿದ್ದು ಆ ಎರಡು ಎಮ್ಮೆಗಳು. ಊರೆಲ್ಲ ಮುಚ್ಚಿದ್ದಾಗಲೂ ಸಂಘ ಹಾಲು ಹಾಕಿಸಿಕೊಂಡಿತು, ಬಟವಾಡೆ ಕೊಟ್ಟಿತು. ಎರಡು ಕಂತುಗಳ ನಡುವೆ ಗೌಂಡಿಗೆ ಕೂಲಿ ಕೊಟ್ಟದ್ದೂ ಅದೇ ದುಡ್ಡಿನಿಂದ. ಅಂಗಳದಲ್ಲಿ ಬುನಾದಿ ಮಾತ್ರ ಎದ್ದು, ಸಿಮೆಂಟಿಗೆ ದುಡ್ಡಿಲ್ಲದೆ ಮುಂದಿನ ಹಂತದ ಫೋಟೋ ತೆಗೆಸಲಾಗದೆ ಕುಳಿತವರನ್ನು ನಾನು ಬಹಳ ನೋಡಿದ್ದೇನೆ. ಇವರು 2021ರ ಬೇಸಿಗೆಯಲ್ಲಿ ಹೊಸ ಮನೆ ಹೊಕ್ಕರು. ಸಣ್ಣ ಮನೆ, ಗಿಲಾವು ಇನ್ನೂ ಒಂದು ಕಡೆ ಆಗಿಲ್ಲ. ಕೊಟ್ಟಿಗೆ ಮಾತ್ರ ಮನೆಯ ಗೋಡೆಗೆ ಹತ್ತದಂತೆ ಬೇರೆಯೇ ಇದೆ.

5 ಲಕ್ಷ ಎಂಬುದು ಆ ಪ್ರವಾಹಕ್ಕೆ ಸರ್ಕಾರ ಮಾಡಿದ ತೀರ್ಮಾನ. ಪ್ರತಿ ಮಳೆಗೂ ಅಷ್ಟೇ ಸಿಗುತ್ತದೆಂದು ನಂಬಿಕೊಂಡು ಕೂಡಬೇಡಿರಿ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರದ ದರಪಟ್ಟಿಯಲ್ಲಿ ಬಯಲು ನಾಡಿನ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಸತ್ತ ಹಾಲಿನ ಎಮ್ಮೆ ಅಥವಾ ಆಕಳಿಗೆ 37,500, ದನದ ಕೊಟ್ಟಿಗೆಗೆ 3,000 ರೂಪಾಯಿ. ಕೊಟ್ಟಿಗೆಯ ದುಡ್ಡಿಗೆ ನಾಲ್ಕೈದು ತಗಡು ಬಂದರೆ ಪುಣ್ಯ. ದನ ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿರಿ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರ ಕೇಳುವುದು ಕಷ್ಟ. ಕಿವಿಯ ಓಲೆಯ 12 ಅಂಕಿಯ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಿರಿ.

ಇನ್ನೊಂದು ಮಾತು. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮನೆಯ ಗೋಡೆ ಕುಸಿದು ಏಳು ಜನ ತೀರಿಕೊಂಡರು. ನೆನೆದ ಗೋಡೆ ಹೊಟ್ಟೆ ಬಿಟ್ಟಿದ್ದರೆ, ಬುಡದ ಮಣ್ಣು ಉದುರುತ್ತಿದ್ದರೆ, ಅದರ ಬದಿಗೆ ಮಲಗಬೇಡಿರಿ, ದನವನ್ನೂ ಕಟ್ಟಬೇಡಿರಿ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಇಂಥ ಗೋಡೆ ಬೀಳುತ್ತದೆ.

ಮನೆಯ ಉತಾರ ಯಾರ ಹೆಸರಿನಲ್ಲಿದೆ ಎಂದು ಈಗ ಕೇಳಿದರೆ ನಿಮ್ಮಲ್ಲಿ ಅರ್ಧ ಜನ ಅಪ್ಪನ ಹೆಸರನ್ನೋ ಅಜ್ಜನ ಹೆಸರನ್ನೋ ಹೇಳುತ್ತೀರಿ. ಈ ವಾರವೇ ಪಂಚಾಯಿತಿಗೆ ಹೋಗಿ ತೆಗೆಸಿ ನೋಡಿರಿ. ವಾರಸಾ ಆಗಬೇಕಿದ್ದರೆ ಅಣ್ಣತಮ್ಮಂದಿರು ಹಬ್ಬಕ್ಕೆ ಊರಿಗೆ ಬಂದಾಗಲೇ ಸಹಿ ಮಾಡಿಸಿಕೊಳ್ಳಿರಿ.