ಕೌಡೂರು ಸದಾನಂದ ಹೆಗ್ಡೆ: ವಕಾಲತ್ತು, ಸಂಸತ್ತು, ನ್ಯಾಯಪೀಠ

ಕಳವಾ, ಠಾಣೆ, ಡೊಂಬಿವಲಿಯಲ್ಲಿ ನೆಲೆಸಿದ ನಮ್ಮವರಲ್ಲಿ ಕಾರ್ಕಳದವರೂ ಇದ್ದೀರಿ, ಕಾಸರಗೋಡಿನವರೂ ಇದ್ದೀರಿ. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪಿನಲ್ಲಿ ಈ ಎರಡೂ ಊರುಗಳ ಹೆಸರು ಕೂಡಿಬಂದಿದೆ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ತೀರ್ಪು ಬರೆದವರಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ.

1909ರಲ್ಲಿ ಹುಟ್ಟಿದ ಹೆಗ್ಡೆಯವರು ಮದರಾಸಿನಲ್ಲಿ ಕಾನೂನು ಓದಿ, ದಕ್ಷಿಣ ಕನ್ನಡದಲ್ಲಿ ವಕೀಲರಾಗಿ, ಪಬ್ಲಿಕ್ ಪ್ರಾಸಿಕ್ಯೂಟರರಾಗಿ ಹೆಸರು ಮಾಡಿದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದಿಲ್ಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷವೇ ಸುಪ್ರೀಂ ಕೋರ್ಟು.

ಪಕ್ಷದಿಂದ ಬಂದವರು ಪಕ್ಷದ ಋಣ ತೀರಿಸುತ್ತಾರೆ ಎಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. 1970ರ ಬ್ಯಾಂಕ್ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೈಕಿ ಸರಕಾರದ ಪರ ನಿಂತವರು ಎ. ಎನ್. ರೇ ಒಬ್ಬರೇ. ಹೆಗ್ಡೆ ಉಳಿದ ಹತ್ತು ಮಂದಿಯ ಜೊತೆಗಿದ್ದರು. ಕೇಶವಾನಂದ ಭಾರತಿ ಮೊಕದ್ದಮೆಯ ವಿಚಾರಣೆ 68 ದಿನ ನಡೆಯಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನೇ ಕೆಡಿಸುವಂತಿಲ್ಲ ಎಂದು ಹದಿಮೂರರಲ್ಲಿ ಏಳು ಮಂದಿ ಹೇಳಿದರು. ಆ ಏಳರಲ್ಲಿ ಹೆಗ್ಡೆ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯವರೊಡನೆ ಸೇರಿ ಅವರು ತೀರ್ಪು ಬರೆದರು.

ಮರುದಿನವೇ ಸರಕಾರ ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಎಲ್ಲರಿಗಿಂತ ಹಿರಿಯರನ್ನೇ ನೇಮಿಸುವುದು ಅಲ್ಲಿಯವರೆಗಿನ ರೂಢಿ. ಆದರೆ ರೇ ಅವರಿಗಿಂತ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಸರಕಾರ ಕಡೆಗಣಿಸಿತ್ತು. ಶೆಲತ್ ನಿವೃತ್ತರಾದ ಮೇಲೆ ಸರದಿ ಹೆಗ್ಡೆಯವರದಾಗಿತ್ತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರ ಸೇವಾವಧಿ ಇನ್ನೂ ಒಂದು ವರ್ಷಕ್ಕೂ ಮಿಕ್ಕಿ ಉಳಿದಿತ್ತು. ಸುಮ್ಮನೆ ಕೂತಿದ್ದರೆ ಸಂಬಳ, ಬಂಗಲೆ ಎಲ್ಲವೂ ಇರುತ್ತಿತ್ತು. ಅವರ ಬಗ್ಗೆ ನನಗೆ ಅತ್ಯಂತ ಗೌರವ ಹುಟ್ಟುವುದು ಈ ನಿರ್ಧಾರಕ್ಕಾಗಿ.

ತುರ್ತುಪರಿಸ್ಥಿತಿ ಕಳೆದು 1977ರ ಚುನಾವಣೆ ಬಂತು. ಕರ್ನಾಟಕದ 28 ಕ್ಷೇತ್ರಗಳಲ್ಲಿ ಜನತಾ ಪಕ್ಷ ಗೆದ್ದದ್ದು ಎರಡೇ. ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಬೆಂಗಳೂರು ದಕ್ಷಿಣದಲ್ಲಿ ಗೆದ್ದವರು ಹೆಗ್ಡೆ. ಲೋಕಸಭೆಯ ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಹೊರಟಾಗ ಆ ಸ್ಥಾನ ಇವರಿಗೆ ಬಂತು. 1978ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಸದನ ಉಚ್ಚಾಟಿಸಿದಾಗ ಸಭಾಧ್ಯಕ್ಷರು ಇವರೇ.

ನ್ಯಾಯಾಧೀಶರಾಗಿದ್ದವರು ಚುನಾವಣೆಗೆ ನಿಲ್ಲಬಹುದೇ ಎಂಬ ಪ್ರಶ್ನೆ ಇಂದಿಗೂ ಇದೆ, ಇರಲೇಬೇಕು. ಆದರೆ ಹೆಗ್ಡೆ ಅಧಿಕಾರದಲ್ಲಿದ್ದವರು ಕೊಡುವ ಹುದ್ದೆಗೆ ಕಾದವರಲ್ಲ. ಪೀಠ ಬಿಟ್ಟು ಸುಮಾರು ನಾಲ್ಕು ವರ್ಷವಾದ ಮೇಲೆ, ಆಳುವ ಪಕ್ಷಕ್ಕೆ ಎದುರಾಗಿ, ಮತದಾರರ ಮುಂದೆ ನಿಂತರು.

1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಗೆ ಬುನಾದಿ ಹಾಕಿದರು. 1990ರ ಮೇ ತಿಂಗಳಲ್ಲಿ ತೀರಿಕೊಂಡರು. ಮಂಗಳೂರಿನ ದೇರಳಕಟ್ಟೆಯ ಆಸ್ಪತ್ರೆಗೆ ಅವರ ಹೆಸರಿದೆ. ಮಗ ಸಂತೋಷ ಹೆಗ್ಡೆ ಕೂಡ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಆಮೇಲೆ ಕರ್ನಾಟಕದ ಲೋಕಾಯುಕ್ತರಾಗಿ 2011ರಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು.